ಅಮ್ಮನ ಒಪ್ಪತ್ತು, ಕಮೋಡಿನ ಸೀಟು

೧೦ ಜನವರಿ ೨೦೧೦, ಭಾನುವಾರ

ಕಂಪನಿಯವರು ಹೊಸ ವರ್ಷಕ್ಕೆಂದು ಸೂಪರ್‌ವೈಸರ್‌ಗಳಿಗೆಲ್ಲ ಒಂದೊಂದು ಡೈರಿ ಕೊಟ್ಟಿದ್ದಾರೆ. ಹತ್ತು ದಿನ ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು. ಡ್ಯೂಟಿಯ ವಿಷಯ ಬರೆಯಲು ಏರ್‌ಪೋರ್ಟಿನಲ್ಲಿ ಲಾಗ್‌ಬುಕ್ ಇದೆ, ಆದ್ದರಿಂದ ಇದರಲ್ಲಿ ಮನೆಯ ವಿಷಯ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಯಾರೂ ಓದುವುದಿಲ್ಲವಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಮೊದಲ ವಿಷಯ, ನಮ್ಮ ಮನೆಯ ಕಮೋಡಿನ ಸೀಟು ಅಲ್ಲಾಡುತ್ತಿದೆ.

ಮನೆ ಕಟ್ಟಿಸಿ ಒಂದೂವರೆ ವರ್ಷವಾಯಿತು. ಊರಿನಲ್ಲಿ ಮೊಟ್ಟಮೊದಲು ಕಮೋಡ್ ಹಾಕಿಸಿದವನು ನಾನು. ‘ಇಂಡಿಯನ್ ಒಂದು, ವೆಸ್ಟರ್ನ್ ಒಂದು ಹಾಕ್ಸಿ’ ಎಂದು ಮೇಸ್ತ್ರಿ ಎಷ್ಟೋ ಹೇಳಿದ. ಏರ್‌ಪೋರ್ಟಿನ ಟಾಯ್ಲೆಟ್‌ಗಳ ಸೂಪರ್‌ವೈಸರ್ ಮನೆಯಲ್ಲಿ ಇಂಡಿಯನ್ ಯಾಕೆ ಎಂದು ನಕ್ಕು ಸುಮ್ಮನಾದೆ. ಅಮ್ಮನಿಗೂ ಇದೇ ಅನುಕೂಲ. ಎರಡು ವರ್ಷದ ಹಿಂದೆ ಕೆರೆ ಏರಿಯ ಮೇಲೆ ಬಿದ್ದಾಗಿನಿಂದ ಆಕೆಯ ಬಲಮಂಡಿ ಮಡಿಸಲು ಬರುವುದಿಲ್ಲ. ನೆಲದ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

ಸೀಟು ಎಡಕ್ಕೆ ಜಾರುತ್ತದೆ ಎಂದು ಅನಸೂಯ ಒಂದು ತಿಂಗಳಿಂದ ಹೇಳುತ್ತಿದ್ದಾಳೆ. ಹೆಂಡತಿಗೆ ನಾನು ಒಂದೇ ಮಾತು ಹೇಳಿದೆ. ಯಾವ ಸೀಟೂ ತಾನಾಗಿ ಸಡಿಲವಾಗುವುದಿಲ್ಲ, ಅದರ ಮೇಲೆ ಕಾಲಿಟ್ಟು ಹತ್ತಿ ಕೂರುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಈ ವಿಷಯದಲ್ಲಿ ನನ್ನ ಅನುಭವ ಸಣ್ಣದಲ್ಲ. ಸೀಟಿನ ಮೇಲಿನ ಗುರುತು ನೋಡಿ ಪ್ರಯಾಣಿಕ ಎಷ್ಟನೇ ನಂಬರಿನ ಶೂ ಹಾಕಿದ್ದ ಎಂದು ಹೇಳಬಲ್ಲೆ, ರಿಪೋರ್ಟಿನಲ್ಲಿ ಬರೆಯುತ್ತೇನೆ ಕೂಡ. ಮ್ಯಾನೇಜರ್ ಸಾಹೇಬರು ಎರಡು ಸಲ ಮೆಚ್ಚಿಕೊಂಡಿದ್ದಾರೆ.

ಇವತ್ತು ಸೀಟನ್ನು ಕೈಯಲ್ಲೇ ಒತ್ತಿ ಸರಿಯಾಗಿ ಕೂರಿಸಿದೆ. ಹತ್ತುವವರು ಯಾರೆಂದು ಪತ್ತೆ ಮಾಡಿಯೇ ತೀರುತ್ತೇನೆ.

೧೪ ಜನವರಿ, ಸಂಕ್ರಾಂತಿ

ಏರ್‌ಪೋರ್ಟಿನ ಸ್ಟೋರಿನಿಂದ ಒಂದು ಸ್ಟಿಕ್ಕರ್ ತಂದು ಮನೆಯ ಟಾಯ್ಲೆಟ್ಟಿನ ಬಾಗಿಲ ಒಳಬದಿಗೆ ಅಂಟಿಸಿದೆ. ಕಮೋಡಿನ ಮೇಲೆ ಕುಕ್ಕರಗಾಲಲ್ಲಿ ಕೂತ ಒಬ್ಬ ಮನುಷ್ಯ, ಅವನ ಮೇಲೆ ಅಡ್ಡಲಾಗಿ ಕೆಂಪು ಗೆರೆ. ಓದು ಬಾರದವರಿಗೂ ಅರ್ಥವಾಗುತ್ತದೆ.

ಅಮ್ಮ ಗೋಡೆ ಹಿಡಿದುಕೊಂಡು ಬಂದು ತುಂಬ ಹೊತ್ತು ನೋಡಿದಳು.

“ಇವ್ನ್ ಯಾರ್ಲಾ ಅಪ್ಪಯ್ಯ?”

“ಯಾರೂ ಅಲ್ಲಮ್ಮ. ಹಿಂಗ್ ಕೂರ್ಬಾರ್ದು ಅಂತ ತೋರ್ಸಿರೋದು.”

“ಕೂತಿರೋದು ನೋಡಿದ್ರೆ ಥೇಟ್ ನಿನ್ ಥರಾನೇ ಅವ್ನೆ” ಅಂದಳು.

ಅಮ್ಮನಿಗೆ ಕಣ್ಣು ಮಂಜಾಗಿದೆ. ಒಮ್ಮೆ ಡಾಕ್ಟರಿಗೆ ತೋರಿಸಬೇಕು.

ಎಳ್ಳು ಬೀರಿ ಬಂದ ಮಗಳು ಕೀರ್ತನ ಒಳಗೆ ಹೋದವಳೇ ‘ಅಪ್ಪಾ, ಸೀಟಿನ್ ಒಂದ್ ಕಡೆ ಕೀಲು ಮುರ್ದೇ ಹೋಗಿದೆ’ ಎಂದು ಕೂಗಿದಳು. ಹಬ್ಬದ ದಿನ ಅಂಗಡಿ ಇರುವುದಿಲ್ಲ.

೨೩ ಜನವರಿ, ಶನಿವಾರ

ಚಿಕ್ಕಬೀರಪ್ಪ ಬಂದು ಹೊಸ ಸೀಟು ಹಾಕಿ ಹೋದ. ಈತ ಮೊದಲು ಬೋರ್‌ವೆಲ್ ಮೋಟಾರು ಎತ್ತುತ್ತಿದ್ದವನು. ಹೊಲಗಳೆಲ್ಲ ಲೇಔಟ್ ಆದ ಮೇಲೆ ನಲ್ಲಿ, ಕಮೋಡ್ ಎಂದು ಶುರುಮಾಡಿದ್ದಾನೆ. ಹಳೆಯ ಸೀಟನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದ.

“ಅಣ್ಣ, ಇದು ಕೂತು ಸವ್ದಿರೋದಲ್ಲ. ಯಾರೋ ಹತ್ತವ್ರೆ. ಎರಡ್ ಕಡೆನೂ ಗುರ್ತು ನೋಡಿ. ಹತ್ತಿ ಕೂತ್ರೆ ಯಾವ್ ಕಂಪ್ನಿ ಸೀಟೂ ತಡ್ಯಲ್ಲ.”

ನಾನು ಹೇಳಿದ್ದೂ ಅದೇ ಅಲ್ಲವೇ! ಅವನು ಹೋದ ಮೇಲೆ ಮೂವರನ್ನೂ ನಡುಮನೆಯಲ್ಲಿ ಕೂರಿಸಿ ವಿಚಾರಿಸಿದೆ. ಅನಸೂಯ ‘ನಂಗ್ ಒಲೆ ಮೇಲೆ ಸಾರೈತೆ’ ಎಂದು ಎದ್ದುಹೋದಳು. ಕೀರ್ತನ ಕಾಲೇಜು ಪುಸ್ತಕದಿಂದ ಮುಖವನ್ನೇ ಎತ್ತಲಿಲ್ಲ. ಅಮ್ಮ ಸೆರಗಿನ ತುದಿ ತಿರುವುತ್ತಾ, “ನಾನೇ ಇರ್ಬೋದು ಬುಡಪ್ಪ. ವಯಸ್ಸಾಯ್ತು, ಗೆಪ್ತಿ ಇರಲ್ಲ” ಅಂದಳು.

ತಪ್ಪು ಒಪ್ಪಿಕೊಂಡವರ ಮೇಲೆ ರೇಗುವ ಜಾಯಮಾನ ನನ್ನದಲ್ಲ. ಕ್ಷಮಿಸಿದೆ. ಇನ್ನು ಮುಂದೆ ಹೇಗೆ ಕೂರಬೇಕೆಂದು ಟಾಯ್ಲೆಟ್ಟಿನ ಬಾಗಿಲ ಹೊರಗೆ ಕುರ್ಚಿ ಹಾಕಿ, ಅದರ ಮೇಲೆ ಕೂತು ತೋರಿಸಿಕೊಟ್ಟೆ. ಕೀರ್ತನಳಿಗೆ ಅದೇಕೋ ಕೆಮ್ಮು ಬಂತು.

ಇಲ್ಲೊಂದು ಮಾತು ಬರೆದಿಡಬೇಕು. ನಾನೂ ಕಮೋಡಿನ ಮೇಲೆ ಹತ್ತಿ ಕುಕ್ಕರಗಾಲಲ್ಲೇ ಕೂರುವುದು. ಆದರೆ ನನ್ನದು ಬೇರೆ. ಈಗ ರನ್‌ವೇ ಇರುವ ಕಡೆ ನಮ್ಮ ರಾಗಿ ಹೊಲವಿತ್ತು, ಅದರ ಬದುವಿನ ಮರೆಯಲ್ಲಿ, ಅದು ಹೋದ ಮೇಲೆ ಕೆರೆಯ ಕಡೆ ಕೂತು ನಲವತ್ತೆಂಟು ವರ್ಷ ಕಳೆದವನು ನಾನು. ಮಂಡಿ ಮಡಿಸದೆ, ಕಾಲು ಇಳಿಬಿಟ್ಟು ಕೂತರೆ ಬಸ್ಸಿಗೆ ಕಾಯುತ್ತಿರುವ ಹಾಗೆ ಅನ್ನಿಸುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಅಲ್ಲದೆ ಭಾರವನ್ನು ಎರಡು ಕಡೆಗೂ ಸಮವಾಗಿ ಬಿಡುವುದು ನನಗೆ ಗೊತ್ತಿದೆ. ತಿಳಿದವರು ಹತ್ತುವುದಕ್ಕೂ ತಿಳಿಯದವರು ಹತ್ತುವುದಕ್ಕೂ ವ್ಯತ್ಯಾಸವಿದೆ.

೧೨ ಫೆಬ್ರವರಿ, ಶಿವರಾತ್ರಿ

ಅಮ್ಮ ಇಡೀ ದಿನ ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಈ ವಯಸ್ಸಿನಲ್ಲಿ ಇಂಥ ನಿಷ್ಠೆ! ನಾನು ಮಧ್ಯಾಹ್ನ ಎರಡು ಬಾಳೆಹಣ್ಣು, ಸ್ವಲ್ಪ ಅವಲಕ್ಕಿ ತಿಂದೆ.

೧೭ ಫೆಬ್ರವರಿ, ಬುಧವಾರ

ಅಮ್ಮನ ಭಕ್ತಿ ದಿನದಿನಕ್ಕೆ ಹೆಚ್ಚುತ್ತಿದೆ. ಶನಿವಾರ ತಿಮ್ಮಪ್ಪನ ಒಪ್ಪತ್ತು ಎಂದಳು, ಸೋಮವಾರ ಶಿವನದ್ದು, ನಿನ್ನೆ ಅಮ್ಮನೋರದ್ದು. ಇವತ್ತು ಯಾವ ದೇವರೆಂದು ಕೇಳಿದರೆ, ‘ಯಾವ್ದೋ ಒಂದ್ ದೇವ್ರು, ಸುಮ್ಕಿರು’ ಅಂದಳು. ಬೆಳಿಗ್ಗೆ ಅರ್ಧ ಮುದ್ದೆ ತಿಂದರೆ ಮುಗಿಯಿತು. ಮಜ್ಜಿಗೆ ಕೊಟ್ಟರೆ ತುಟಿಗೆ ಸೋಕಿಸಿ ಇಟ್ಟುಬಿಡುತ್ತಾಳೆ.

ಡ್ಯೂಟಿಯಲ್ಲಿ ಊಟದ ಹೊತ್ತಿಗೆ ಈ ವಿಷಯ ಹೇಳಿದೆ. ಎಲ್ಲರೂ ಪುಣ್ಯವಂತ ಕಣಯ್ಯ ನೀನು ಅಂದರು. ಹೊಸದಾಗಿ ಸೇರಿದ ಹೌಸ್‌ಕೀಪಿಂಗ್‌ನವರಿಗೆ ಇವತ್ತು ನಾನೇ ಟ್ರೈನಿಂಗ್ ಕೊಟ್ಟೆ. ಸೀಟಿನ ಮೇಲೆ ಹತ್ತುವ ಪ್ರಯಾಣಿಕರ ವಿಷಯ ಮೈಕಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು.

೨೧ ಫೆಬ್ರವರಿ, ಭಾನುವಾರ

ಹೊಸ ಸೀಟೂ ಅಲ್ಲಾಡುತ್ತಿದೆ! ಹಾಕಿ ಒಂದು ತಿಂಗಳಾಗಿಲ್ಲ.

ಈ ಸಲ ನನಗೆ ತಾಳ್ಮೆ ಕೆಟ್ಟಿತು. ಅಮ್ಮನ ಮುಂದೆ ನಿಂತು, ಕುರ್ಚಿಯ ಮೇಲೆ ಕೂತು ತೋರಿಸಿದ ಮೇಲೂ ಹೀಗೆ ಮಾಡಿದರೆ ಹೇಗೆ, ಮಕ್ಕಳಿಗೆ ಹೇಳಿದ ಹಾಗೆ ದಿನಾ ಹೇಳಬೇಕೇ ಎಂದು ಕೂಗಾಡಿದೆ. ಅಮ್ಮ ತಲೆ ತಗ್ಗಿಸಿಕೊಂಡೇ ಇದ್ದಳು. ಕೀರ್ತನ ಪುಸ್ತಕ ಎಸೆದು ಎದ್ದಳು.

“ಅಪ್ಪಾ, ಅಜ್ಜಿಗೆ ಮಂಡಿ ಮಡ್ಸೋಕೇ ಆಗಲ್ಲ. ಅದ್ ಹೆಂಗೆ ಹತ್ತಿ ಕೂರ್ತಾರೆ, ನೀವೇ ಹೇಳಿ?”

“ಸುಮ್ನಿರೇ, ದೊಡ್ಡೋರ್ ಮಾತಾಡುವಾಗ” ಎಂದು ಅಮ್ಮನೇ ಅವಳ ಬಾಯಿ ಮುಚ್ಚಿಸಿದಳು.

ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಮಕ್ಕಳಿಗೆ ಮಾತು ಜಾಸ್ತಿಯಾಗುತ್ತದೆ. ಅವಳ ಪ್ರಶ್ನೆಗೆ ಏನಾದರೂ ಉತ್ತರ ಇದ್ದೇ ಇರುತ್ತದೆ, ಆ ಹೊತ್ತಿಗೆ ಹೊಳೆಯಲಿಲ್ಲ.

೨೬ ಫೆಬ್ರವರಿ, ಶುಕ್ರವಾರ

ಅಮ್ಮ ಬೆಳಿಗ್ಗೆ ಜಗಲಿಯ ಮೇಲಿನಿಂದ ಏಳಲು ಹೋಗಿ ಕುಸಿದುಬಿದ್ದಳು. ದೇವನಹಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ. ಡ್ರಿಪ್ ಹಾಕಿದ್ದಾರೆ. ಡ್ಯೂಟಿಗೆ ಹೋಗಲಿಲ್ಲ.

ಲೇಡಿ ಡಾಕ್ಟರು ಅಮ್ಮನ ನಾಲಿಗೆ ನೋಡಿ, ಚರ್ಮ ಎಳೆದು ನೋಡಿ ನನ್ನ ಕಡೆ ತಿರುಗಿದರು. “ಎಷ್ಟ್ ದಿನದಿಂದ ನೀರು ಕುಡೀತಿಲ್ಲ ಇವ್ರು? ಯೂರಿನ್ ಇನ್ಫೆಕ್ಷನ್ ಕಿಡ್ನಿ ತನಕ ಹೋಗ್ತಿದೆ. ಇನ್ನೊಂದ್ ವಾರ ಹಿಂಗೇ ಬಿಟ್ಟಿದ್ರೆ ನನ್ ಕೈಲಿ ಏನೂ ಇರ್ತಿರ್ಲಿಲ್ಲ.” ಒಪ್ಪತ್ತು ಮಾಡುತ್ತಾಳೆ ಡಾಕ್ಟರೇ, ಬಹಳ ದೈವಭಕ್ತೆ ಎಂದೆ. ಅವರು ಅನಸೂಯಳನ್ನು ನೋಡಿ, “ಮನೇಲಿ ಟಾಯ್ಲೆಟ್ ಹೆಂಗಿದೆಯಮ್ಮ?” ಎಂದು ಕೇಳಿದರು. ಅನಸೂಯ ಅಳಲು ಶುರುಮಾಡಿದಳು.

ಹೊರಗೆ ಬೆಂಚಿನ ಮೇಲೆ ಕೂತು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಧನುರ್ಮಾಸದಾಗೆ ಒಂದಿನ ಅತ್ತೆ ಕೂರೋಕ್ ಹೋಗಿದಾರೆ, ಸೀಟು ಜಾರಿ ನೆಲಕ್ಕೆ ಬಿದ್ದವ್ರೆ. ನಾನ್ ಡೇರಿಗೆ ಹಾಲು ಹಾಕೋಕೆ ಹೋಗಿದ್ದೆ. ಬರೋ ತನಕ ಅಲ್ಲೇ ಒದ್ದೆ ನೆಲದ್ ಮೇಲೆ ಬಿದ್ದಿದ್ರು ಕಣ್ರೀ. ಬಟ್ಟೆ ಎಲ್ಲಾ ಹಾಳಾಗಿತ್ತು. ನಿಮಗ್ ಹೇಳ್ಬೇಡ ಅಂತ ನನ್ ಕೈಲಿ ಆಣೆ ಮಾಡ್ಸ್ಕೊಂಡ್ರು. ಅವತ್ತಿಂದ ಬೆಳಿಗ್ಗೆ ಒಂದ್ಸಲ ನಾನು ಸೀಟ್ ಹಿಡ್ಕೊಂಡ್ ನಿಂತ್ಕೋತೀನಿ, ಅವ್ರು ಕೂರ್ತಾರೆ. ಇನ್ನೊಂದ್ಸಲ ಕರೆಯೋಕೆ ಅವ್ರಿಗೆ ನಾಚ್ಕೆ. ಅದುಕ್ಕೇ ಊಟ ಬಿಟ್ರು, ನೀರ್ ಬಿಟ್ರು. ಒಪ್ಪತ್ತಂತೆ ಒಪ್ಪತ್ತು!”

“ಮತ್ತೆ ಅಮ್ಮನೇ ಹತ್ತೀನಿ ಅಂತ ಒಪ್ಕೊಂಡ್ಲಲ್ಲ?”

ಅನಸೂಯ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. “ಆ ಟಾಯ್ಲೆಟ್ ತೊಳ್ಯೋದ್ ಯಾರು? ನಾನೇ ತಾನೆ? ನಿಮ್ ಹವಾಯಿ ಚಪ್ಪಲಿ ಗುರ್ತು ನಂಗೊತ್ತಿಲ್ವಾ? ಅತ್ತೆಗೂ ಗೊತ್ತು, ಕೀರ್ತನಂಗೂ ಗೊತ್ತು. ಆ ಚಿಕ್ಕಬೀರಪ್ಪ ಹೋಗ್ತಾ ನಿಮ್ ಚಪ್ಪಲಿ ತಿರುಗ್ಸಿ ನೋಡ್ಕೊಂಡ್ ಹೋದ.”

ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

೨೭ ಫೆಬ್ರವರಿ

ರಜೆ. ಸೀಟು ಬಿಚ್ಚಿದೆ.

೨೮ ಫೆಬ್ರವರಿ, ಭಾನುವಾರ

ಚಿಕ್ಕಬೀರಪ್ಪನನ್ನು ಕರೆಯಲು ಮುಖವಿರಲಿಲ್ಲ. ಆದರೂ ಫೋನಿನಲ್ಲಿ, ಹೊಸ ಸೀಟು ತಂದು ನಾನೇ ಹಾಕುವುದಾದರೆ ಹೇಗೆ ಎಂದು ಕೇಳಿದೆ. ಆತ ನಗದೆ ಹೇಳಿಕೊಟ್ಟ. “ಪ್ಲಾಸ್ಟಿಕ್ ಬೋಲ್ಟ್ ಬ್ಯಾಡ ಅಣ್ಣ, ಹಿತ್ತಾಳೇದು ತಗಳಿ. ಕೆಳ್ಗಡೆ ರಬ್ಬರ್ ವಾಷರ್ ಹಾಕಿ ನಟ್ ತಿರುಗ್ಸಿ. ಜೋರಾಗ್ ಬಿಗಿಬ್ಯಾಡಿ, ಪಿಂಗಾಣಿ ಸೀಳ್ಕೊಂಬುಡ್ತದೆ.”

ನಟ್ಟು ಇರುವುದು ಕಮೋಡಿನ ಹಿಂದೆ, ಕೆಳಗೆ. ಕೈ ಹೋಗಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ಮಲಗಿದೆ. ಇನ್ನೂರು ಜನರಿಂದ ಏರ್‌ಪೋರ್ಟ್ ತೊಳೆಸುವ ನಾನು ನನ್ನ ಮನೆಯ ಕಮೋಡಿನ ತಳವನ್ನು ಇವತ್ತೇ ಮೊದಲು ನೋಡಿದ್ದು. ತಳ ಒಳ್ಳೆಯ ಸ್ಥಿತಿಯಲ್ಲಿರಲಿಲ್ಲ. ಮೊದಲು ಅದನ್ನು ತೊಳೆದೆ, ಆಮೇಲೆ ಸುತ್ತಲಿನ ನೆಲ, ಆಮೇಲೆ ಗೋಡೆ. ಅಮ್ಮ ಬಿದ್ದಿದ್ದು ಇಲ್ಲೇ ಇರಬೇಕು ಎಂದು ಹೊಳೆದಾಗ ಅಂಗೈಯನ್ನು ನೆಲಕ್ಕೆ ಇಟ್ಟು ನೋಡಿದೆ. ಆ ನೆಲ ಅಷ್ಟು ತಣ್ಣಗಿತ್ತು.

ಸೀಟು ಕೂರಿಸಿ ಪರೀಕ್ಷೆಗೆಂದು ಕಾಲು ಕೆಳಗಿಟ್ಟು ಕೂತೆ. ಅರ್ಧ ಗಂಟೆ ಕೂತರೂ ಏನೂ ಆಗಲಿಲ್ಲ. ಇನ್ನು ಮುಂದೆ ಹೀಗೇ ಕೂರುವುದು.

೩ ಮಾರ್ಚ್, ಬುಧವಾರ

ನಿನ್ನೆ ಅಮ್ಮನನ್ನು ಮನೆಗೆ ಕರೆತಂದೆವು. ದಿನಕ್ಕೆ ಎರಡು ಲೀಟರ್ ನೀರು ಕುಡಿಸಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ನಿನ್ನೆ ಮೂರು ಗುಟುಕು, ಇವತ್ತು ನಾಲ್ಕು.

ಹೊಸ ಸೀಟು ಹಾಕಿದೆ ಎಂದು ಹೇಳಿದೆ. ‘ಹೂಂ’ ಅಂದಳು.

ಕಮೋಡಿನ ವಿಷಯವನ್ನು ಮೈಕಿನಲ್ಲಿ ಇಪ್ಪತ್ತು ನಿಮಿಷ ಮಾತಾಡಬಲ್ಲ ನನಗೆ ಅಮ್ಮನ ಮುಂದೆ ಎರಡು ಮಾತು ಹೊರಡುತ್ತಿಲ್ಲ. ತಾಯಿ ಮಗನ ನಡುವೆ ಈ ಮಾತು ಈ ಮನೆಯಲ್ಲಿ ಯಾವತ್ತೂ ಬಂದದ್ದಿಲ್ಲ. ಕೆರೆ ಕಡೆಗೆ ಹೋಗುವ ಕಾಲದಲ್ಲೂ ಅಮ್ಮ ‘ಈಚೆ ಹೋಗ್ ಬತ್ತೀನಿ’ ಎಂದಷ್ಟೇ ಹೇಳಿ, ನಾವು ಏಳುವ ಮೊದಲೇ ಹೋಗಿ ಬಂದಿರುತ್ತಿದ್ದಳು.

೪ ಮಾರ್ಚ್, ಗುರುವಾರ

ಇವತ್ತು ರಾಯರ ಒಪ್ಪತ್ತಂತೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ರಾಯರ ಒಪ್ಪತ್ತು ಮಾಡಿದವರಲ್ಲ.

ಲೋಟ ಹಿಡಿದು ನಿಂತೆ. ಅಮ್ಮ ಮುಖ ತಿರುಗಿಸಿಕೊಂಡಳು. ಹೊರಗೆ ಬಂದಾಗ, ಒಳಗೆ ಅನಸೂಯಳ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ಸೀಟ್ ಎಷ್ಟ್ ಹೊಸದಾದ್ರೇನವ್ವ, ಹತ್ತೋನ್ ಅವ್ನೇ ತಾನೆ? ಇನ್ನೆರಡ್ ವಾರಕ್ಕೆ ಮತ್ತೆ ಅಲ್ಲಾಡ್ತದೆ. ಇನ್ನೊಂದ್ಸಲ ಹಂಗ್ ಬಿದ್ರೆ ನಾನ್ ಉಳ್ಯಲ್ಲ. ಬ್ಯಾಡ, ನೀರೂ ಬ್ಯಾಡ, ಏನೂ ಬ್ಯಾಡ.”

ನಾನೀಗ ಹತ್ತುತ್ತಿಲ್ಲ ಎಂದು ಒಳಗೆ ಹೋಗಿ ಹೇಳಬಹುದಿತ್ತು. ಹಾಗೆ ಹೇಳಬೇಕಾದರೆ ಇಷ್ಟು ದಿನ ಹತ್ತುತ್ತಿದ್ದೆ ಎಂದು ಮೊದಲು ಹೇಳಬೇಕು. ಪಕ್ಕದಲ್ಲೇ ಕೀರ್ತನ ಕೂತಿದ್ದಳು. ಶರ್ಟು ಹಾಕಿಕೊಂಡು ಡ್ಯೂಟಿಗೆ ಹೋದೆ.

೬ ಮಾರ್ಚ್, ಶನಿವಾರ

ಅಮ್ಮನ ತುಟಿ ಮತ್ತೆ ಒಡೆದಿದೆ. ಕೂಗಿದರೆ ಕಣ್ಣು ಬಿಡುತ್ತಾಳೆ, ಆಮೇಲೆ ಮುಚ್ಚಿಕೊಳ್ಳುತ್ತಾಳೆ. ನಾಳೆಯೂ ಹೀಗೇ ಇದ್ದರೆ ಕರೆತನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನನಗೆ ಭಯವಾಗಿದೆ.

ಡ್ಯೂಟಿಯಲ್ಲಿ ಒಂದು ಸೀಟಿನ ಮೇಲೆ ಹೆಜ್ಜೆ ಗುರುತಿತ್ತು. ಬಿಳಿ ಪಂಚೆ ಉಟ್ಟ ಮುದುಕರೊಬ್ಬರು ಒಳಗಿಂದ ಬಂದದ್ದನ್ನು ನೋಡಿದ್ದೆ. ಜೊತೆಯಲ್ಲಿದ್ದವರು ಇದೇ ಮೊದಲ ಸಲ ವಿಮಾನ ಹತ್ತುತ್ತಿರುವುದು ಎನ್ನುತ್ತಿದ್ದರು. ಬಟ್ಟೆ ತೆಗೆದುಕೊಂಡು ನಾನೇ ಒರೆಸಿದೆ. ರಿಪೋರ್ಟ್ ಬರೆಯಲಿಲ್ಲ, ಇವತ್ತು ಕೆಲಸ ಜಾಸ್ತಿಯಿತ್ತು.

೭ ಮಾರ್ಚ್, ಭಾನುವಾರ

ಬೆಳಿಗ್ಗೆ ಕಾಫಿಯ ಹೊತ್ತಿಗೆ ಎಲ್ಲರೂ ನಡುಮನೆಯಲ್ಲಿದ್ದರು. ಅಮ್ಮ ಚಾಪೆಯ ಪಕ್ಕದ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಕಾಫಿ ಮುಟ್ಟಿರಲಿಲ್ಲ. ಎದ್ದು ಹೋಗುತ್ತಿದ್ದ ಕೀರ್ತನಳಿಗೆ ಕೂರು ಎಂದೆ. ‘ಮತ್ತೆ ವಿಚಾರಣೆನಾ?’ ಎಂದು ಮುಖ ಸಿಂಡರಿಸಿದಳು.

“ಅಮ್ಮ, ಸೀಟಿನ ಮೇಲೆ ಹತ್ತಿ ಕೂರ್ತಿದ್ದೋನು ನಾನು” ಅಂದೆ. “ಮೊದ್ಲ್ ಸೀಟೂ ಮುರ್ದಿದ್ದು ನಾನೇ, ಎರಡ್ನೇದೂ ನಾನೇ. ನಿನ್ ಮೇಲೆ ಹಾಕ್ದೆ. ತಪ್ಪಾಯ್ತು.”

ಬರೆಯುವಾಗ ಎರಡು ಸಾಲು. ಹೇಳುವಾಗ ಮೈಯೆಲ್ಲ ಬೆವರಿತು. ಆಮೇಲೆ ಅಮ್ಮನೇ ಕೈ ಚಾಚಿ ನನ್ನ ಮೊಣಕೈ ಹಿಡಿದಳು.

“ಗೊತ್ತು ಬುಡಪ್ಪ.”

“ಗೊತ್ತಿದ್ ಮೇಲೆ ನೀನ್ ಯಾಕಮ್ಮ ಒಪ್ಕೊಂಡೆ?”

“ಇನ್ನೇನ್ ಮಾಡ್ಲಿ? ಅಷ್ಟ್ ದೊಡ್ಡ ಏರ್‌ಪೋರ್ಟ್‌ನಾಗೆ ಅದುಕ್ಕೇ ಅಂತ ನಿನ್ನ ಸಾಹೇಬನ್ ಮಾಡವ್ರೆ. ಮಗ್ಳ ಮುಂದೆ ನಿನ್ ಮರ್ವಾದೆ ಹೋಗ್ಲಿ ಅನ್ನನಾ? ನಂಗೇನು, ಮುದ್ಕಿ. ಹತ್ತುದ್ಲು ಅಂದ್ರೂ ಒಂದೇ, ಇಳುದ್ಲು ಅಂದ್ರೂ ಒಂದೇ.”

ನಾನು ಅತ್ತೆ. ಐವತ್ತು ವರ್ಷದ ಗಂಡಸು ಹೆಂಡತಿ ಮಗಳ ಮುಂದೆ ಅಳುವುದು ಚೆನ್ನಾಗಿ ಕಾಣುವುದಿಲ್ಲ. ಆದರೆ ಅಳು ತಡೆಯುವ ಉಪಾಯ ಆ ಹೊತ್ತಿಗೆ ಯಾವುದೂ ಸಿಗಲಿಲ್ಲ. ಕೀರ್ತನ ಬಂದು ನನ್ನ ಪಕ್ಕ ಕೂತಳು. ಇನ್ನು ಮುಂದೆ ಹತ್ತುವುದಿಲ್ಲ ಎಂದು ಅಮ್ಮನ ತಲೆ ಮುಟ್ಟಲು ಹೋದೆ.

“ಆಣೆಗೀಣೆ ಬ್ಯಾಡ. ನಡಿ, ಕೂತ್ ತೋರ್ಸು.”

ತಮಾಷೆಯಲ್ಲ. ಅನಸೂಯ ಒಂದು ಕಡೆ, ಕೀರ್ತನ ಒಂದು ಕಡೆ ಹಿಡಿದು ಅಮ್ಮನನ್ನು ಟಾಯ್ಲೆಟ್ಟಿನ ಬಾಗಿಲಿಗೆ ಕರೆತಂದರು. ನಾನು ಲುಂಗಿ ಸುತ್ತಿಕೊಂಡು, ಮುಚ್ಚಳ ಎತ್ತಿ, ಮೂರು ಜನ ಹೆಂಗಸರ ಎದುರಿಗೆ ಸೀಟಿನ ಮೇಲೆ ಕಾಲು ಕೆಳಗಿಟ್ಟು ಕೂತೆ. “ಎಡಕ್ಕೆ ವಾಲು” ಅಂದಳು. ವಾಲಿದೆ. “ಬಲಕ್ಕೆ.” ವಾಲಿದೆ. “ಎದ್ದು ಇನ್ನೊಂದ್ಸಲ ಕೂರು, ದಬಕ್ಕಂತ ಕೂರು.” ಕೂತೆ. ಅಮ್ಮ ಬಗ್ಗಿ ಸೀಟಿನ ಅಂಚು ಹಿಡಿದು ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವವರ ಹಾಗೆ ಅಲ್ಲಾಡಿಸಿ ನೋಡಿದಳು. ಅದು ಮಿಸುಕಲಿಲ್ಲ.

“ಈ ನಟ್ಟು ಯಾರ್ ಬಿಗಿದಿದ್ದು?”

“ನಾನೇ ಕಣಮ್ಮ. ಅಂಗಾತ ಮಲಕ್ಕೊಂಡು.”

“ಇಲ್ಲೇನಾ?” ಎಂದು ನೆಲವನ್ನು ನೋಡಿದಳು.

“ಹೂಂ, ಇಲ್ಲೇ.”

ಅಮ್ಮ ನನ್ನನ್ನೂ ನೆಲವನ್ನೂ ಮತ್ತೆ ನೋಡಿದಳು. ಆಮೇಲೆ ಅನಸೂಯಳ ಕಡೆ ತಿರುಗಿ, “ಒಂದ್ ಚೊಂಬು ನೀರ್ ತತ್ತಾರವ್ವ” ಅಂದಳು.

ಬಾಗಿಲಲ್ಲೇ ನಿಂತು ತುಟಿಯಿಂದ ತೆಗೆಯದೆ ಕುಡಿದಳು. ಚೊಂಬು ಖಾಲಿಯಾಗುವವರೆಗೂ ನಾನು ಕಮೋಡಿನ ಮೇಲೇ ಕೂತಿದ್ದೆ, ಏಳಬೇಕೆಂದು ತೋಚಲಿಲ್ಲ.

ಮುಕ್ಕಾಲು ಗಂಟೆಯ ನಂತರ ಅಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಅನಸೂಯ ಜೊತೆಗೆ ಹೊರಟರೆ ಬೇಡವೆಂದು ಕೈಯಾಡಿಸಿ, ಒಬ್ಬಳೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಬಾಗಿಲ ಹೊರಗೆ ನಿಂತೆ. ಸೀಟು ಜಾರಿದರೆ ಒಂದೇ ನೆಗೆತಕ್ಕೆ ಹಿಡಿಯಬೇಕೆಂದು ಕಿವಿ ಬಾಗಿಲಿಗೇ ಇಟ್ಟಿದ್ದೆ. ಒಳಗೆ ಏನೂ ಸದ್ದಿಲ್ಲ.

“ಅಪ್ಪಯ್ಯ, ಅಲ್ಲೇ ನಿಂತಿದೀಯಾ?”

“ಹೂಂ ಅಮ್ಮ. ಇಲ್ಲೇ ಇವ್ನಿ.”

“ಅತ್ಲಾಗ್ ಹೋಗ್ಲಾ! ನೀನ್ ಅಲ್ ನಿಂತಿದ್ರೆ ನಂಗ್ ಬರಲ್ಲ.”

ಜಗಲಿಗೆ ಬಂದು ಕೂತೆ. ಇನ್ನೊಂದು ಚೊಂಬು ನೀರು ತುಂಬಿಡಲು ಅನಸೂಯಳಿಗೆ ಹೇಳಿದೆ.